ಮಂಗಮ್ಮನಿಗಿಂತ ಮೊದಲು ಹೊರಟ ಚೀಲ

ಕತ್ರಿಗುಪ್ಪೆಯ ಮಂಗಮ್ಮ ಐವತ್ತು ದಾಟುವವರೆಗೂ ಊರು ಬಿಟ್ಟು ಹೋಗಿದ್ದೆಲ್ಲ ಒಂದೋ ದೇವರ ಕೆಲಸಕ್ಕೆ, ಇಲ್ಲವೇ ಸಾವಿನ ಕೆಲಸಕ್ಕೆ. ತಿರುಪತಿಗೆ ಹೋದರೆ ಇಡೀ ಬಳಗಕ್ಕೆ ಪುಳಿಯೋಗರೆ ಕಲೆಸಬೇಕು. ನಂಟರ ಊರಿಗೆ ಹೋದರೆ ಯಾರದೋ ಬಾಣಂತನ. ತಿಥಿಗೆ ಹೋದರೆ ವಡೆ ತಟ್ಟುವುದು ಅವಳ ಪಾಲಿಗೇ ಬರುತ್ತಿತ್ತು. ಊರು ಬದಲಾದರೂ ಅವಳ ಮುಂದಿದ್ದ ಒಲೆ ಬದಲಾಗುತ್ತಿರಲಿಲ್ಲ.

ಅಂಥವಳಿಗೆ ಎಂಬತ್ತಮೂರರ ಸಂಕ್ರಾಂತಿ ಕಳೆದ ಮೇಲೆ, ಮೂಲೆಯ ಪ್ರಾವಿಷನ್ ಸ್ಟೋರಿನ ಫೋನಿಗೆ ಒಂದು ಟ್ರಂಕ್ ಕಾಲ್ ಬಂತು. ಕರೆದವನು ರಾಮಪ್ರಸಾದ.

ಈ ರಾಮಪ್ರಸಾದ ಯಾರೆಂದರೆ, ಅವರ ಮನೆಯ ಮಹಡಿ ಕೋಣೆಯಲ್ಲಿ ಐದು ವರ್ಷ ಬಾಡಿಗೆಗಿದ್ದ ಹುಡುಗ. ಮಂಗಮ್ಮನ ಗಂಡ ತಿಮ್ಮರಾಯಪ್ಪನ ಅವರೆ ಹೊಲ, ಕನಕಾಂಬರದ ತೋಟ ಎಲ್ಲ ಬಡಾವಣೆಯಾಗಿ ಹೋದ ಮೇಲೆ, ಉಳಿದ ಜಾಗದಲ್ಲಿ ಅವನು ಬಾಡಿಗೆ ಮನೆಗಳನ್ನು ಕಟ್ಟಿಸಿದ್ದ. ಹಲ್ಲಿನ ಡಾಕ್ಟರಿಕೆ ಓದಲು ಟ್ರಿನಿಡಾಡಿನಿಂದ ಬಂದ ಈ ಹುಡುಗನ ಹೆಸರು ಕೇಳಿ ತಿಮ್ಮರಾಯಪ್ಪ ನಮ್ಮವನೇ ಎಂದು ಕೋಣೆ ಕೊಟ್ಟುಬಿಟ್ಟ. ನೋಡಿದರೆ ಬಾಯಲ್ಲಿ ಕನ್ನಡವೂ ಇಲ್ಲ, ಹಿಂದಿಯೂ ಇಲ್ಲ. ಮುತ್ತಜ್ಜನ ಕಾಲದಲ್ಲೇ ಕಬ್ಬು ಕಡಿಯಲು ಹಡಗು ಹತ್ತಿ ಹೋದವರ ವಂಶವಂತೆ. ಅವನಿಗೆ ಕನ್ನಡ ಕಲಿಸಿದವಳು ಮಂಗಮ್ಮ. ಮುದ್ದೆ ನುಂಗುವುದನ್ನು ಕಲಿಸಿದವಳೂ ಅವಳೇ. “ಹಲ್ಲಿನ ಡಾಕ್ಟ್ರಿಗೆ ಓದೋನ್ಗೆ ಅಗೀಬೇಡ ಕಣಪ್ಪಾ ಅಂತ ಹೇಳ್ಕೊಟ್ಟೋಳು ನಾನೊಬ್ಳೇ ಇರ್ಬೇಕು” ಎಂದು ಅವಳು ಬೀದಿಯವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಫೋನಿನಲ್ಲಿ ಅವನ ದನಿ ಬಾವಿಯೊಳಗಿಂದ ಬಂದಂತೆ ಬಂತು.

“ಅಮ್ಮಾ, ಟಿಕೆಟ್ ಕಳ್ಸಿದೀನಿ. ನೀವೂ ಅಪ್ಪಾನೂ ಬನ್ನಿ.”

“ಏನಪ್ಪಾ ವಿಶೇಷ? ಮದ್ವೆ ಗೊತ್ತಾಯ್ತಾ?”

“ಇಲ್ಲ ಅಮ್ಮ. ಸುಮ್ನೆ.”

“ಸುಮ್ನೆ ಅಂದ್ರೆ?”

“ಸುಮ್ನೆ ಅಂದ್ರೆ ಸುಮ್ನೆ. ಟೊಬೇಗೊ ಅಂತ ಸಣ್ಣ ದ್ವೀಪ ಇದೆ, ನಮ್ಮೂರ್ ಪಕ್ದಲ್ಲೇ. ಅಲ್ಲಿ ನಮ್ ಚಿಕ್ಕಪ್ಪನ ಮನೆ ಇದೆ. ಎದುರುಗಡೆ ಸಮುದ್ರ. ನೀವು ಕೂತ್ಕೊಳಿ. ಅಡ್ಗೆ ನಾನು ಮಾಡ್ತೀನಿ.”

ಅಷ್ಟು ಹೊತ್ತಿಗೆ ಲೈನು ಕಟ್ಟಾಯಿತು. ಮಂಗಮ್ಮ ಮಾತ್ರ ರಿಸೀವರನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು. ‘ಅಡುಗೆ ನಾನು ಮಾಡುತ್ತೇನೆ’ ಎಂದು ಅವಳಿಗೆ ಈ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಹೋಗಬೇಕು, ಏನಾದರೂ ಆಗಲಿ ಹೋಗಿಯೇ ಬರಬೇಕು ಎಂಬ ಆಸೆ ಅಲ್ಲೇ, ಆ ಬೆಲ್ಲದ ಮೂಟೆಗಳ ಪಕ್ಕದಲ್ಲೇ, ಅವಳಲ್ಲಿ ಬೇರೂರಿತು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಬಾಡಿಗೆದಾರರೆಲ್ಲ ಬಂದು ಕೇಳಿದರು, “ಕ್ರಿಕೆಟ್ ನೋಡಕ್ಕೆ ಹೋಗ್ತಿದೀರಾ ಆಂಟಿ?” ಆ ವರ್ಷ ನಮ್ಮ ತಂಡವೂ ಅತ್ತ ಕಡೆ ಹೊರಟಿತ್ತಲ್ಲ, ರೇಡಿಯೋದಲ್ಲೆಲ್ಲ ಅದೇ ಮಾತು. ತಿಮ್ಮರಾಯಪ್ಪನ ಅಕ್ಕ ಮುನಿವೆಂಕಟಮ್ಮ ಕೇಳಿದ್ದೇ ಬೇರೆ. ಅವಳು ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಶಾಸ್ತ್ರದ ವಿಷಯದಲ್ಲಿ ಅವಳ ಮಾತೇ ಕೊನೆ.

“ಅಲ್ಲಿ ಯಾವ್ ದೇವ್ರಿಗೆ ಹರಕೆ ಹೊತ್ತಿದೀಯೇ ಮಂಗಿ?”

“ಹರಕೆ ಏನೂ ಇಲ್ಲ ಅತ್ತಿಗೆಮ್ಮ. ಸುಮ್ನೆ.”

“ಸುಮ್ನೆ ಏಳು ಸಮುದ್ರ ದಾಟ್ಬೇಕಾ? ಸುಮ್ನೆ ಕೂರೋಕೆ ನಮ್ಮ ಜಗಲಿ ಸಾಲ್ದಾ?”

“ಜಗಲೀಲಿ ಕೂತ್ರೆ ನೀವು ಕೂರಕ್ ಬಿಟ್ಟೀರಾ!”

ತಯಾರಿ ಶುರುವಾಯಿತು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಟ್ರಾವೆಲ್ಸ್ ಇಟ್ಟಿದ್ದ ಚಕ್ರಪಾಣಿ ಎಂಬ ಚುರುಕು ಮನುಷ್ಯ ಇವರ ಕೆಲಸ ವಹಿಸಿಕೊಂಡ. ಪಾಸ್‌ಪೋರ್ಟಿನ ಫೋಟೋಗೆ ತಿಮ್ಮರಾಯಪ್ಪ ಪೇಟ ಸುತ್ತಿಕೊಂಡು ಹೋದ, ಸ್ಟುಡಿಯೋದವನು ಅದನ್ನು ಬಿಚ್ಚಿಸಿದ. ಮಂಗಮ್ಮ ನಗಬಾರದು ಎಂದರೂ ನಕ್ಕಳು. ಎರಡು ಸಲ ತೆಗೆಯಬೇಕಾಯಿತು. ಆ ಕಡೆ ಹೋಗಿ ಬರುವವರು ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡಿರಬೇಕು, ಅದರ ಕಾರ್ಡು ಇಲ್ಲದೆ ವಾಪಸು ಬಂದರೆ ಏರ್‌ಪೋರ್ಟಿನಿಂದಲೇ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಾರೆ ಎಂದು ಚಕ್ರಪಾಣಿ ಹೆದರಿಸಿದ. ಅದಕ್ಕಾಗಿ ಗಂಡ ಹೆಂಡತಿ ರೈಲು ಹತ್ತಿ ಮದ್ರಾಸಿಗೆ ಹೋಗಿ ಸೂಜಿ ಹಾಕಿಸಿಕೊಂಡು ಬಂದರು. ದಾರಿಯ ವಿವರವನ್ನೂ ಚಕ್ರಪಾಣಿಯೇ ಕೊಟ್ಟ. “ಮೇಡಂ, ಬಾಂಬೆ, ಲಂಡನ್, ಆಮೇಲೆ ಟ್ರಿನಿಡಾಡು, ಅಲ್ಲಿಂದ ಪುಟ್ಟ ಪ್ಲೇನು. ಲಂಡನ್‌ನಲ್ಲಿ ಚಳಿ ಕಡಿಯತ್ತೆ, ಸ್ವೆಟರ್ ಕೈಗೆ ಸಿಗೋ ಹಾಗಿಟ್ಕೊಳ್ಳಿ. ದ್ವೀಪದಲ್ಲಿ ನಮ್ಮ ಬೇಸಿಗೆ ಥರ, ವಾಯಿಲ್ ಸೀರೆ ಸಾಕು. ರಬ್ಬರ್ ಚಪ್ಪಲಿ ಇರ್ಲಿ, ಮರಳು ಕಾಯತ್ತೆ. ಎಣ್ಣೆ ಇಳಿಯೋ ಉಪ್ಪಿನಕಾಯಿ ಮಾತ್ರ ದಯವಿಟ್ಟು ಬೇಡ.”

“ರಾಗಿ ಹಿಟ್ಟು?” ಎಂದ ತಿಮ್ಮರಾಯಪ್ಪ.

“ಕಸ್ಟಮ್ಸ್‌ನೋರು ಇದೇನು ಪುಡಿ ಅಂತ ಕೇಳಿದ್ರೆ ಏನಂತೀರಾ ಸಾರ್?”

“ಬೇಯ್ಸಿ ತೋರಿಸ್ತೀವಿ!”

ಮಂಗಮ್ಮ ರಾಗಿ ತೊಳೆದು ಒಣಗಿಸಿ, ಮಿಲ್ಲಿಗೆ ಹಾಕಿಸಿ, ಹಿಟ್ಟನ್ನು ಹಾರ್ಲಿಕ್ಸ್ ಡಬ್ಬಿಗಳಿಗೆ ಒತ್ತಿ ತುಂಬಿದಳು. ಮೆಂತ್ಯದ ಪುಡಿ, ಚಟ್ನಿಪುಡಿ ಆಯಿತು. ಇದೆಲ್ಲ ಕೆಲಸವೇ, ಆದರೆ ಹೋಗುವುದಕ್ಕೆ ಮಾಡುವ ಕೆಲಸವೆಂದು ಕೈ ತಾನಾಗಿ ಓಡುತ್ತಿತ್ತು. ಒಂದು ಸಂಜೆ ಯಾರೂ ಇಲ್ಲದಾಗ ಹೊಸ ರಬ್ಬರ್ ಚಪ್ಪಲಿ ಮೆಟ್ಟಿ ಹಿತ್ತಿಲಲ್ಲಿ ಮರಳು ರಾಶಿಯ ಮೇಲೆ ನಡೆದು ನೋಡಿದಳು. ಹಸು ಮಾತ್ರ ನೋಡಿತು.

ಟಿಕೆಟ್ಟು ಕೈಗೆ ಬಂದಾಗ ಕಲ್ಲು ಬಿತ್ತು. ಹೊರಡುವುದು ಮಂಗಳವಾರ ಬೆಳಿಗ್ಗೆ.

“ಮಂಗಳವಾರ ಮನೆ ಹೆಂಗಸು ಹೊಸ್ಲು ದಾಟಿ ದೂರ ಹೋಗಂಗಿಲ್ಲ. ಆಗಲ್ಲ ಅಂದ್ರೆ ಆಗಲ್ಲ” ಎಂದ ತಿಮ್ಮರಾಯಪ್ಪ. ಟಿಕೆಟ್ ಬದಲಾಯಿಸಿದರೆ ಮುಂದಿನ ವಿಮಾನಗಳೆಲ್ಲ ಕೈ ತಪ್ಪುತ್ತವೆ ಎಂದು ಚಕ್ರಪಾಣಿ ಎಷ್ಟು ಹೇಳಿದರೂ ಅವನು ಅಲುಗಲಿಲ್ಲ. ಮಂಗಮ್ಮ ಒಳಗೆ ಹೋಗಿ ಹಾರ್ಲಿಕ್ಸ್ ಡಬ್ಬಿಗಳನ್ನು ಸೂಟ್‌ಕೇಸಿನಿಂದ ಒಂದೊಂದಾಗಿ ತೆಗೆದು ಅಡುಗೆಮನೆಯ ಹಲಗೆಯ ಮೇಲೆ ಜೋಡಿಸತೊಡಗಿದಳು. ಆ ಡಬ್ಬಿಗಳ ಸದ್ದು ಕೇಳಲಾರದೆಯೋ ಏನೋ, ಮುನಿವೆಂಕಟಮ್ಮನೇ ಬಾಯಿಬಿಟ್ಟಳು.

“ಅದಕ್ಯಾಕೋ ಅಷ್ಟು ಯೋಚ್ನೆ? ಪ್ರಸ್ಥಾನ ಇಟ್ರೆ ಆಯ್ತಪ್ಪ.”

ಪ್ರಸ್ಥಾನ ಇಡುವುದು ಹಳೆಯ ಕಾಲದ ಉಪಾಯ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮುಂಚಿನ ಒಳ್ಳೆಯ ದಿನದಲ್ಲಿ, ಹೋಗುವವರ ಒಂದು ವಸ್ತುವನ್ನು ಅಕ್ಕಿ ಅರಿಸಿನದ ಜೊತೆ ಚೀಲದಲ್ಲಿ ಕಟ್ಟಿ, ಹೋಗುವ ದಾರಿಯಲ್ಲಿರುವ ಬೇರೊಂದು ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಆ ದಿನವೇ ಶುರುವಾದ ಹಾಗೆ. ಆಮೇಲೆ ಯಾವ ವಾರ ಹೊರಟರೂ ದೋಷವಿಲ್ಲ.

“ಒಂದೇ ನೆಪ್ಪಿಟ್ಕೋ. ಇಟ್ಟ ಚೀಲ ತಿರ್ಗಿ ಈ ಮನೆ ಹೊಸ್ಲು ತುಳೀಬಾರ್ದು. ತುಳೀತು ಅಂದ್ರೆ ಹೊರಟ ಪಯಣ ಮುರೀತು ಅಂತ್ಲೇ ಲೆಕ್ಕ” ಎಂದಳು ಮುನಿವೆಂಕಟಮ್ಮ.

ಮಂಗಮ್ಮನ ಸ್ವಂತ ಅಕ್ಕ ಈಶ್ವರಮ್ಮನ ಮನೆ ವಿಲ್ಸನ್ ಗಾರ್ಡನ್ನಿನಲ್ಲಿತ್ತು, ಏರ್‌ಪೋರ್ಟಿನ ದಾರಿಗೇ. ಗುರುವಾರ ಬೆಳಿಗ್ಗೆ ತಿಮ್ಮರಾಯಪ್ಪ ಸ್ನಾನ ಮಾಡಿ, ತಾನೇ ಬಾಗಿಲು ಹಾಕಿಕೊಂಡು ಚೀಲ ಕಟ್ಟಿ, ಬಸ್ಸು ಹತ್ತಿ ಹೋಗಿ ಇಟ್ಟುಬಂದ. ಮಂಗಮ್ಮನ ಎದೆಯ ಮೇಲಿಂದ ಬಂಡೆ ಸರಿಯಿತು. ಡಬ್ಬಿಗಳು ಮತ್ತೆ ಸೂಟ್‌ಕೇಸು ಸೇರಿದವು.

ಸೋಮವಾರ ಹತ್ತು ಗಂಟೆಗೆ ಚಕ್ರಪಾಣಿ ಸ್ಕೂಟರಿನಲ್ಲಿ ಏದುಸಿರು ಬಿಡುತ್ತಾ ಬಂದ. “ಸಾರ್, ಶನಿವಾರ ಆಗ್ಬೇಕಿದ್ದ ಕೆಲ್ಸ, ಬ್ಯಾಂಕ್‌ನೋರು ಇವತ್ತಿಗೆ ತಳ್ಳಿದ್ರು. ಡಾಲರ್ ಕೊಡ್ಬೇಕಾದ್ರೆ ಪಾಸ್‌ಪೋರ್ಟಲ್ಲಿ ಬರೆದು ಸೀಲ್ ಹೊಡೀಬೇಕು. ಎರಡು ಗಂಟೆಗೆ ಕೌಂಟರ್ ಮುಚ್ಬಿಡ್ತಾರೆ. ಬೇಗ ಪಾಸ್‌ಪೋರ್ಟ್ ಕೊಡಿ.”

ತಿಮ್ಮರಾಯಪ್ಪ ಸೂರು ನೋಡಿದ. ನೆಲ ನೋಡಿದ.

“ಅದು... ಚೀಲದಲ್ಲಿದೆ.”

“ಯಾವ ಚೀಲ ಸಾರ್?”

“ಪ್ರಸ್ಥಾನದ ಚೀಲ. ಸೂಜಿ ಕಾರ್ಡೂ ಅದ್ರಲ್ಲೇ ಇದೆ.”

ಮಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. “ಅಯ್ಯೋ ನಿಮ್ಮ! ಒಂದು ಟವಲ್ಲೋ ರವಿಕೆ ಕಣವೋ ಇಡ್ತಾರೆ ಯಾರಾದ್ರೂ. ಪಾಸ್‌ಪೋರ್ಟ್ ಇಡ್ತಾರೇನ್ರೀ?”

“ಹೋಗೋರ ಗುರ್ತು ಇರ್ಬೇಕು ಅಂದ್ಲು ಅಕ್ಕ. ಇದಕ್ಕಿಂತ ಗುರ್ತು ಇನ್ನೇನಿದೆ? ಫೋಟೋನೇ ಇದೆ!” ಎಂದ ಅವನು.

ಮುನಿವೆಂಕಟಮ್ಮ ಒಳಗಿಂದಲೇ ಕೂಗಿದಳು, “ತರಂಗಿಲ್ಲ, ಇಲ್ಲಿಗೆ ತರಂಗಿಲ್ಲ!”

“ಹಂಗಾದ್ರೆ ಆಗೋಯ್ತು ಬಿಡಿ. ದೇವ್ರಿಗೇ ಇಷ್ಟ ಇಲ್ಲ. ಟಿಕೆಟ್ ವಾಪಸ್ ಮಾಡ್ಬಿಡಿ ಚಕ್ರಪಾಣಿ” ಎಂದು ತಿಮ್ಮರಾಯಪ್ಪ ಜಗಲಿಯ ಮೇಲೆ ಕುಸಿದು ಕೂತ. ತನ್ನ ಕೈತಪ್ಪನ್ನು ದೇವರ ತಲೆಗೆ ಕಟ್ಟಿದ ಮೇಲೆ ಅವನಿಗೇನೋ ಹಗುರವಾದಂತಿತ್ತು.

ಮಂಗಮ್ಮನಿಗೆ ಹಗುರವಾಗಲಿಲ್ಲ. ಅವಳು ಒಳಗೆ ಹೋಗಿ ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ಒಗೆದ ಸೀರೆ ಉಟ್ಟು ಬಂದಳು.

“ಚಕ್ರಪಾಣಿಯವ್ರೇ, ನಿಮ್ ಸ್ಕೂಟರ್ ಹಿಂದೆ ಕೂರೋದು ಹೆಂಗೆ ಅಂತ ಒಸಿ ತೋರ್ಸಿ.”

“ಎಲ್ಲಿಗೆ ಹೊರಟೆ?” ಎಂದ ತಿಮ್ಮರಾಯಪ್ಪ.

“ಚೀಲ ಇಲ್ಲಿಗೆ ತಾನೇ ಬರಂಗಿಲ್ಲ? ಬ್ಯಾಂಕಿಗೆ ಹೋಗಂಗಿಲ್ಲ ಅಂತ ಯಾರೂ ಅಂದಿಲ್ವಲ್ಲ.”

ಒಳಗಿದ್ದ ಶಾಸ್ತ್ರದ ದನಿ ಸ್ವಲ್ಪ ಯೋಚಿಸಿ, “ಅದು ಹೋಗ್ಬೋದು” ಎಂದಿತು.

ಬೀದಿಯ ಬಾಗಿಲುಗಳಲ್ಲಿ ತಲೆಗಳು ಮೂಡಿದವು. ಮಂಗಮ್ಮ ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಸೆರಗು ಹಿಡಿದು, ಬನಶಂಕರಿ, ಜಯನಗರ, ಲಾಲ್‌ಬಾಗಿನ ಗೋಡೆ ಎಲ್ಲ ದಾಟುವವರೆಗೂ ಕಣ್ಣು ಮುಚ್ಚಿ ಮಾರಮ್ಮನನ್ನು ನೆನೆದಳು. ವಿಲ್ಸನ್ ಗಾರ್ಡನ್ ತಲುಪಿದಾಗ ಈಶ್ವರಮ್ಮ ಹೊಸಿಲ ಮುಂದೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

“ಅಕ್ಕಾ, ಚೀಲ ಕೊಡು, ಚೀಲ!”

“ಚೀಲ ಇಲ್ಲಿಲ್ವಲ್ಲೇ.”

ಮಂಗಮ್ಮ ಬಾಗಿಲಿನಿಂದಲೇ ಒಳಗೆ ಇಣುಕಿದಳು. ದೇವರ ಗೂಡಿನ ಪಕ್ಕದ ಗೂಟ ಬರಿದಾಗಿತ್ತು.

“ಗುರ್ವಾರದಿಂದ ಇಲ್ಲೇ ನೇತಾಡ್ತಿತ್ತು. ಬಾಳ ದಿನ ಒಂದೇ ಮನೇಲಿ ಇಡಬಾರ್ದಂತೆ, ಹೋಗೋ ದಿಕ್ಕಿಗೆ ಮುಂದಕ್ಕೆ ಸಾಗಿಸ್ಬೇಕಂತೆ, ನಮ್ಮತ್ತೆ ಹೇಳೋರು. ನೆನ್ನೆ ಮಗಳು ಉಮಾ ಬಂದಿದ್ಲು. ಅವಳ ಕೈಲಿ ದೊಮ್ಮಲೂರಿಗೆ ಕಳಿಸ್ದೆ. ಏರೋಪ್ಲೇನ್ ನಿಲ್ದಾಣಕ್ಕೆ ಅದೇ ಹತ್ರ ಅಲ್ವಾ? ನಿಮ್ಗೆ ಒಳ್ಳೇದಾಗ್ಲಿ ಅಂತಾನೇ ಕಳಿಸ್ದೆ ಕಣೇ” ಎಂದು ಈಶ್ವರಮ್ಮ ಗಾಬರಿಯಿಂದ ಎದ್ದು ನಿಂತಳು. “ಏನಾಯ್ತು? ಒಳಗೇನಿತ್ತು?”

“ನಾನಿದ್ದೆ ಅಕ್ಕ, ನಾನೇ ಇದ್ದೆ ಅದ್ರೊಳಗೆ!” ಎಂದು ಮಂಗಮ್ಮ ಮತ್ತೆ ಸ್ಕೂಟರ್ ಹತ್ತಿದಳು.

ಏರ್‌ಪೋರ್ಟ್ ರಸ್ತೆಯುದ್ದಕ್ಕೂ ಅವಳು ಕಣ್ಣು ಮುಚ್ಚಲಿಲ್ಲ. ಮುಂದಕ್ಕೆ ಸಾಗಿಸಬೇಕು ಎಂಬ ಈ ಚಟ ದೊಮ್ಮಲೂರಿನವರಿಗೂ ಅಂಟಿದ್ದರೆ ಏನು ಗತಿ? ಚೀಲ ತಾನೊಂದೇ ವಿಮಾನ ಹತ್ತಿ, ಲಂಡನ್ನಿನ ಚಳಿ ದಾಟಿ, ರಾಮಪ್ರಸಾದನ ಸಮುದ್ರದ ಮುಂದೆ ಹೋಗಿ ಕೂತ ಹಾಗೂ, ತಾನು ಕತ್ರಿಗುಪ್ಪೆಯಲ್ಲಿ ಮುದ್ದೆ ತಿರುವುತ್ತಿರುವ ಹಾಗೂ ಕಣ್ಣಿಗೆ ಕಟ್ಟಿತು. ಅಷ್ಟು ಭಯದಲ್ಲೂ ಅವಳಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು. ಸ್ಕೂಟರಿನ ಗಾಳಿಗೆ ಎರಡೂ ಹಾರಿ ಹೋದವು.

ಬಾಗಿಲು ತೆರೆದ ಉಮಾಮಹೇಶ್ವರಿ, “ಏನ್ ಚಿಕ್ಕಮ್ಮ, ಪ್ಲೇನು ನಾಳೆ ಅಲ್ವಾ?” ಎಂದಳು.

“ಚೀಲ ಎಲ್ಲಮ್ಮಾ?”

“ಇವ್ರು ಬೆಳಿಗ್ಗೆ ಡ್ಯೂಟಿಗೆ ಹೋಗ್ವಾಗ, ಏರ್‌ಪೋರ್ಟ್ ಗೇಟ್ ಹತ್ರ ನಮ್ ಫ್ರೆಂಡ್ ಮನೆ ಇದೆ, ಅಲ್ಲಿಟ್ರೆ ಇನ್ನೂ ಹತ್ರ ಅಂತ ಎತ್ಕೊಂಡ್ರು...”

ಚಕ್ರಪಾಣಿ ಗಡಿಯಾರ ನೋಡಿ ಹಣೆ ಹಿಡಿದುಕೊಂಡ. ಮಂಗಮ್ಮ ಬಾಗಿಲ ಚೌಕಟ್ಟಿಗೆ ಒರಗಿದಳು.

“...ನಾನೇ ಕಿತ್ತಿಟ್ಕೊಂಡೆ ಚಿಕ್ಕಮ್ಮ. ಸೈಕಲ್ ಹ್ಯಾಂಡಲ್‌ಗೆ ನೇತಾಕಿದ್ರು! ದೇವ್ರ ಸಾಮಾನು ಹಂಗೆಲ್ಲ ನೇತಾಕ್ತಾರಾ? ಒಳಗೇ ಇದೆ, ಬನ್ನಿ.”

ದೇವರ ಮನೆಯ ಗೂಟದಲ್ಲಿ ಹಸಿರು ಕೈಚೀಲ, ತೊಟ್ಟಿಲಲ್ಲಿ ಮಲಗಿದ ಮಗುವಿನ ಹಾಗೆ ತಣ್ಣಗೆ ತೂಗುತ್ತಿತ್ತು. ಮಂಗಮ್ಮ ಅದನ್ನು ಇಳಿಸಿ ಎದೆಗೆ ಅವಚಿಕೊಂಡು, ಅಲ್ಲೇ ನೆಲದ ಮೇಲೆ ಕೂತು ಉಸಿರು ಬಿಟ್ಟಳು. ಒಳಗೆ ಅಕ್ಕಿ, ಅಡಿಕೆ, ಅರಿಸಿನದ ಕೊಂಬು. ನಡುವೆ ಎರಡು ಪಾಸ್‌ಪೋರ್ಟು, ಎರಡು ಕಾರ್ಡು. ಅವಳ ಫೋಟೋದ ಕೆನ್ನೆಗೆ ಒಂದಿಷ್ಟು ಅರಿಸಿನ ಮೆತ್ತಿತ್ತು. ಬೆರಳಿನಿಂದ ಒರೆಸಿದಳು. ಫೋಟೋದಲ್ಲಿನ ಮಂಗಮ್ಮ ನಗು ತಡೆದುಕೊಂಡೇ ಇದ್ದಳು.

ಸಿಟಿಯ ಬ್ಯಾಂಕಿಗೆ ಮುಟ್ಟಿದಾಗ ಜವಾನ ಕಬ್ಬಿಣದ ಬಾಗಿಲನ್ನು ಅರ್ಧ ಎಳೆದಿದ್ದ. ಚಕ್ರಪಾಣಿ ಒಳಗೆ ನುಗ್ಗಿದ. ಗುಮಾಸ್ತ ಪಾಸ್‌ಪೋರ್ಟು ಬಿಚ್ಚಿದಾಗ ಮೇಜಿನ ಮೇಲೆ ಅಕ್ಕಿ ಕಾಳು ಉದುರಿದವು. ಅವನು ಕನ್ನಡಕದ ಮೇಲಿಂದ ನೋಡಿ, “ಏನಮ್ಮ, ಮದುವೆ ದಿಬ್ಬಣಾನಾ?” ಎಂದ.

“ಇಲ್ಲ ಸ್ವಾಮಿ. ಸುಮ್ನೆ ಹೋಗ್ತಿದೀವಿ” ಎಂದಳು ಮಂಗಮ್ಮ. ಸೀಲು ಬಿದ್ದ ಸದ್ದು ಅವಳಿಗೆ ಗುಡಿಯ ಗಂಟೆಯ ಹಾಗೆ ಕೇಳಿಸಿತು.

ಹೊರಗೆ ಬಂದು ಇಬ್ಬರೂ ಕಬ್ಬಿನ ಹಾಲು ಕುಡಿದರು. ಚಕ್ರಪಾಣಿ ಸ್ಕೂಟರನ್ನು ಬನಶಂಕರಿಯ ಕಡೆಗೆ ತಿರುಗಿಸಿದ. “ಚೀಲ ವಿಲ್ಸನ್ ಗಾರ್ಡನ್‌ಲಿ ಅಕ್ಕನ ಕೈಗೆ ಕೊಟ್ಬಿಟ್ಟು, ನಿಮ್ಮನ್ನ ಮನೆಗೆ ಬಿಡ್ತೀನಿ ಮೇಡಂ.”

“ಮತ್ತೆ ಅಕ್ಕನ ಕೈಗಾ? ಈ ಚೀಲ ನಾನು ಬಿಡಲ್ಲಪ್ಪ ಇನ್ನು.”

“ಹಂಗಾದ್ರೆ ಚೀಲಾನೂ ಮನೆಗೆ ತರ್ತೀರಾ?”

“ಮನೆಗೆ ಚೀಲ ಬರಂಗಿಲ್ಲ.”

“ಮತ್ತೆ?”

ಮಂಗಮ್ಮ ಖಾಲಿ ಲೋಟವನ್ನು ಅಂಗಡಿಯವನಿಗೆ ಕೊಟ್ಟು, ಚೀಲವನ್ನು ಕಂಕುಳಿಗೆ ಸೇರಿಸಿದಳು. ಚೀಲ ಮನೆಗೆ ಹೋಗುವಂತಿಲ್ಲ. ಚೀಲವನ್ನು ತಾನು ಬಿಡುವಂತಿಲ್ಲ. ಅಂದಮೇಲೆ ಉಳಿದದ್ದು ಒಂದೇ. ಇವತ್ತು ಮನೆಯಲ್ಲಿ ಕಾದಿರುವುದೆಲ್ಲ ಅವಳ ಕಣ್ಣ ಮುಂದೆ ಬಂತು. ಬೀಳ್ಕೊಡಲು ಬರುವ ನಂಟರಿಗೆ ಅವರೆಕಾಳು ಸಾರು, ಸಂಜೆ ಹಾಲು ಕರೆಯುವುದು, ಬಾಡಿಗೆದಾರರ ನೀರಿನ ಜಗಳ, ಬೆಳಿಗ್ಗೆ ದಾರಿಗೆ ಚಪಾತಿ.

“ನಾನು ಮನೆಗೆ ಬರಂಗಿಲ್ಲ ಚಕ್ರಪಾಣಿಯವ್ರೇ” ಎಂದಳು ನಿಧಾನವಾಗಿ. ಮಾತು ಬಾಯಿಂದ ಹೊರಬಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. “ನನ್ನ ಪಯಣ ಶುರುವಾಗೋಗಿದೆ. ದೊಮ್ಮಲೂರಿಗೆ ಬಿಟ್ಬಿಡಿ. ಇವ್ರಿಗೆ ಹೇಳಿ, ಸೂಟ್‌ಕೇಸು ಎತ್ಕೊಂಡು ನಾಳೆ ಅಲ್ಲಿಗೇ ಬರ್ಲಿ. ಹಸುಗೆ ಹಿಂಡಿ ಕಲಸೋದು ಮರೀಬಾರ್ದು. ಕಾಳು ನೆನೆ ಹಾಕಿದೀನಿ, ಹಿತಕೋದೊಂದೇ ಕೆಲ್ಸ.”

“ಸಾರ್ ಹಿತಕ್ತಾರಾ ಮೇಡಂ?” ಎಂದ ಚಕ್ರಪಾಣಿ, ನಗು ನುಂಗುತ್ತಾ.

“ಶಾಸ್ತ್ರ ಅಂದ್ಮೇಲೆ ಹಿತಕ್ಲೇಬೇಕು.”

ಆ ಮಧ್ಯಾಹ್ನ ಮಂಗಮ್ಮ ದೊಮ್ಮಲೂರಿನಲ್ಲಿ ಉಮಾ ಬಡಿಸಿದ ಅನ್ನ ಸಾರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಚೀಲವನ್ನು ತಲೆಯ ಹತ್ತಿರ ಇಟ್ಟುಕೊಂಡು ಚಾಪೆಯ ಮೇಲೆ ಮಲಗಿದಳು. ಹಗಲು ಹೊತ್ತಿನಲ್ಲಿ ಮಲಗಿ ಎಷ್ಟು ವರ್ಷವಾಗಿತ್ತೋ. ತಲೆಯ ಮೇಲೆ ವಿಮಾನವೊಂದು ಗುಡುಗಿಕೊಂಡು ಹೋಯಿತು. ಅವಳಿಗೆ ಎಚ್ಚರವಾಗಲಿಲ್ಲ.

ಮರುದಿನ ಬೆಳಿಗ್ಗೆ ತಿಮ್ಮರಾಯಪ್ಪ ಟ್ಯಾಕ್ಸಿಯಿಂದ ಇಳಿದಾಗ ಕೋಟಿನ ಗುಂಡಿ ಹೆಚ್ಚುಕಡಿಮೆಯಾಗಿತ್ತು, ಉಗುರುಗಳೆಲ್ಲ ಅವರೆಯ ಸಿಪ್ಪೆಗೆ ಹಸಿರಾಗಿದ್ದವು. ಹಿಂದೆಯೇ ಮುನಿವೆಂಕಟಮ್ಮನೂ ಇಳಿದಳು. ಮಂಗಮ್ಮ ಎಣ್ಣೆ ಹಾಕಿ ಬಾಚಿ, ಮಲ್ಲಿಗೆ ಮುಡಿದು, ಚೀಲ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

“ಎಷ್ಟ್ ಜನ ಬಂದಿದ್ರು ಗೊತ್ತೇನೇ ನೆನ್ನೆ? ಒಬ್ಬೊಬ್ರೂ ಉಂಡೇ ಹೋದ್ರು. ಹಸು ಒದೀತು. ಎಲ್ಲಾ ಬಿಟ್ಟು ನೀನಿಲ್ಲಿ ಬಂದು ಕೂತ್ಕೊಂಡ್ಯಲ್ಲ!” ಎಂದ ತಿಮ್ಮರಾಯಪ್ಪ.

“ನಾನೇನ್ ಮಾಡ್ಲಿ? ಪಾಸ್‌ಪೋರ್ಟ್ ಚೀಲದಲ್ಲಿ ಇಟ್ಟೋರ್ಯಾರು? ಚೀಲ ಬರಬಾರ್ದು ಅಂದೋರ್ಯಾರು?”

ತಿಮ್ಮರಾಯಪ್ಪ ನ್ಯಾಯಕ್ಕಾಗಿ ಅಕ್ಕನ ಕಡೆ ತಿರುಗಿದ. ಮುನಿವೆಂಕಟಮ್ಮ ಮಂಗಮ್ಮನನ್ನು ಮೇಲಿಂದ ಕೆಳಗೆ ನೋಡಿದಳು; ಅವಳ ತಿಳಿಯಾದ ಕಣ್ಣು, ನಿದ್ದೆ ಮಾಡಿದ ಮುಖ ನೋಡಿದಳು.

“ಅವಳು ಶಾಸ್ತ್ರದ ಪ್ರಕಾರಾನೇ ಮಾಡಿದಾಳೆ ಕಣೋ. ಬಾಯಿ ಮುಚ್ಕೊಂಡು ಪ್ಲೇನ್ ಹತ್ತು” ಎಂದಳು. ಆಮೇಲೆ ಮಂಗಮ್ಮನ ಕಿವಿಯ ಹತ್ತಿರ ಬಾಗಿ, “ಮುಂದಿನ್ ಸಲ ಎಲ್ಲಿಗಾದ್ರೂ ಹೋದ್ರೆ ನಂದೂ ಒಂದು ಚೀಲ ಇಡೇ” ಎಂದಳು.

ದ್ವೀಪದಲ್ಲಿ ಮಂಗಮ್ಮ ಏನು ಮಾಡಿದಳು ಎಂದು ಕತ್ರಿಗುಪ್ಪೆಯವರು ಬಹಳ ದಿನ ಕೇಳಿದರು. ಹೇಳಲು ಏನೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಎದುರಿಗೆ ಸಮುದ್ರ. ರಬ್ಬರ್ ಚಪ್ಪಲಿ ಬಿಟ್ಟು ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವುದು. ಅಡುಗೆ ರಾಮಪ್ರಸಾದನದು, ಅವನು ತಿರುವಿದ ಮುದ್ದೆಯಲ್ಲಿ ಗಂಟೋ ಗಂಟು. ಮಂಗಮ್ಮ ಎದ್ದು ಹೋಗಿ ಸರಿಮಾಡಲಿಲ್ಲ. ಗಂಟುಗಳನ್ನು ಅಗಿದೇ ತಿಂದಳು.

ವಾಪಸು ಬಂದ ಮೇಲೆ ಮೊದಲಿನಂತೆಯೇ ಹಸು, ನೀರು, ಒಲೆ. ಆದರೆ ಒಂದು ಬದಲಾಯಿತು. ಅಲ್ಲಿಂದಾಚೆಗೆ ಮಂಗಮ್ಮ ತಿರುಪತಿಗೆ ಹೊರಟರೂ, ಬಾಣಂತನಕ್ಕೆ ಹೊರಟರೂ, ದಿನ ಒಳ್ಳೆಯದಿರಲಿ ಕೆಟ್ಟದಿರಲಿ, ಒಂದು ದಿನ ಮುಂಚೆಯೇ ಪ್ರಸ್ಥಾನ ಇಡುತ್ತಿದ್ದಳು. ವಿಲ್ಸನ್ ಗಾರ್ಡನ್ನಿನ ಗೂಟದಲ್ಲಿ ಆ ಹಸಿರು ಚೀಲ ತೂಗುತ್ತಿದ್ದರೆ, ಅದರ ಕೆಳಗೆ ಗೋಡೆಗೆ ಒರಗಿ ಕಾಲು ಚಾಚಿಕೊಂಡು, ಅಕ್ಕ ಕಾಸಿಕೊಟ್ಟ ಕಾಫಿ ಕುಡಿಯುತ್ತಾ ಮಂಗಮ್ಮನೂ ಕೂತಿರುತ್ತಿದ್ದಳು. ಯಾರಾದರೂ ಯಾಕೆ ಎಂದರೆ, “ಈ ಚೀಲಾನ ಒಂದನ್ನೇ ಬಿಟ್ರೆ ಅದು ಎಲ್ಲಿಗ್ ಬೇಕಾದ್ರೂ ಹೊರಟೋಗತ್ತೆ ಕಣ್ರಮ್ಮ” ಎನ್ನುತ್ತಿದ್ದಳು.